ಮೆಸ್ತಾ: ಮರದ ಕಣ್ಣೀರನ್ನು ಕಾಯಲು ಕಟ್ಟಿದ ಊರಿನಲ್ಲಿ ನಡೆಯುವ ಕ್ರಮ

ಗ್ರೀಸ್‌ನ ಹಿಯೋಸ್ ದ್ವೀಪದ ಮೆಸ್ತಾ ಊರಿಗೆ ಬರುವವರಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ: ಕಾರು ನಿಲ್ಲಿಸಿ, ಎದುರಿಗೆ ಕಂಡ ದಾರಿಯಲ್ಲಿ ಒಳಗೆ ನುಗ್ಗಿ, ನಡುವಿನ ಚೌಕದಲ್ಲಿ ಕಾಫಿ ಕುಡಿದು, ನಾಲ್ಕು ಫೋಟೊ ತೆಗೆದು ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಅದು ಕಲ್ಲಿನ ಒಂದು ಅಂದವಾದ ಹಳ್ಳಿ, ಅಷ್ಟೇ. ಮೊದಲು ಮರ, ಆಮೇಲೆ ಹೊರಗೋಡೆ, ಆಮೇಲೆ ಓಣಿ, ಕೊನೆಗೆ ಚೌಕ ಎಂಬ ಕ್ರಮದಲ್ಲಿ ನಡೆದರೆ ಇಡೀ ಊರು ಮಸ್ತಿಹಾ ಎಂಬ ಮರದ ಅಂಟನ್ನು ಕಾಯುವ ಒಂದೇ ಯೋಚನೆಯಿಂದ ಹುಟ್ಟಿದ್ದು ಎಂಬುದು ಕಾಲಿಗೇ ತಿಳಿಯುತ್ತದೆ. ಮಾರ್ಗದರ್ಶಕರ ಹಂಗಿಲ್ಲದೆ ಆ ಕ್ರಮದಲ್ಲಿ ನಡೆಯಲು ಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಹೊರಡುವ ಮುನ್ನ

ಹಿಯೋಸ್ ಇರುವುದು ಏಜಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ, ಟರ್ಕಿಯ ಚೆಶ್ಮೆ ಪಟ್ಟಣದ ಎದುರಿಗೆ. ಅನೇಕ ನಕ್ಷೆಗಳಲ್ಲಿ ಇದರ ಹೆಸರು ಕಿಯೋಸ್ ಎಂದಿರುತ್ತದೆ. ಅಥೆನ್ಸ್‌ನಿಂದ ವಿಮಾನದಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಗಿನ ಜಾವ ಹಿಯೋಸ್ ಪಟ್ಟಣದಲ್ಲಿ ಇಳಿಯಬಹುದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಚೆಶ್ಮೆ ದೋಣಿಯಲ್ಲಿ ಅರ್ಧ ದಿನ ಟರ್ಕಿಗೆ ಹೋಗಿ ಬರುವ ಆಸೆ ಕಾಡಿದರೆ, ನಿಮ್ಮದು ಒಂದೇ ಸಲದ ಪ್ರವೇಶದ ವೀಸಾ ಆಗಿದ್ದಲ್ಲಿ ಹಿಂದಿರುಗಿ ಗ್ರೀಸ್‌ಗೆ ಬರಲಾಗದು ಎಂಬುದನ್ನು ನೆನಪಿಡಿ. ಟರ್ಕಿಗೆ ಬೇರೆ ವೀಸಾವೂ ಬೇಕು.

ಮೆಸ್ತಾ ಹಿಯೋಸ್ ಪಟ್ಟಣದಿಂದ ಸುಮಾರು 35 ಕಿ.ಮೀ. ದೂರ. ಹಸಿರು ಬಣ್ಣದ ಕೆಟೆಲ್ ಬಸ್ಸುಗಳು ಪಿರ್ಗಿ ಊರಿನ ಮೂಲಕ ಅಲ್ಲಿಗೆ ಹೋಗುತ್ತವೆ. ದಿನಕ್ಕೆ ಕೆಲವೇ ಬಸ್ಸುಗಳು, ಭಾನುವಾರ ಇನ್ನೂ ಕಡಿಮೆ. ಆದ್ದರಿಂದ ಹಿಂದಿನ ಸಂಜೆಯೇ ಪಟ್ಟಣದ ಬಸ್ ನಿಲ್ದಾಣಕ್ಕೆ ಹೋಗಿ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ, ಮುಖ್ಯವಾಗಿ ಮರಳುವ ಕೊನೆಯ ಬಸ್ಸಿನದು. ಕಾರು ಬಾಡಿಗೆಗೆ ಪಡೆಯುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲೇ ಮಾಡಿಸಿಕೊಂಡು ಬರಬೇಕು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಗಡೆ, ತಿರುವುಗಳು ಬಿಗಿ. ಇಳಿಸಂಜೆಯ ನಂತರ ಗಾಡಿ ಓಡಿಸದಿರುವುದು ಒಳಿತು.

ಏಪ್ರಿಲ್‌, ಮೇ ಅಥವಾ ಸೆಪ್ಟೆಂಬರ್ ನಡಿಗೆಗೆ ಹಿತ. ಅಂಟು ತೆಗೆಯುವ ಕೆಲಸ ನೋಡಬೇಕೆಂದರೆ ಮಾತ್ರ ಬೇಸಿಗೆಯಲ್ಲಿ ಬನ್ನಿ. ಆಗ ಬೆಳಗ್ಗೆ ಏಳಕ್ಕೆಲ್ಲ ನಡಿಗೆ ಶುರುವಾಗಿರಬೇಕು. ಮಧ್ಯಾಹ್ನ ಎರಡರಿಂದ ಐದರವರೆಗೆ ಊರೆಲ್ಲ ಮಲಗಿರುತ್ತದೆ. ಆ ಹೊತ್ತಿನಲ್ಲಿ ಓಣಿಗಳಲ್ಲಿ ಗಟ್ಟಿಯಾಗಿ ಮಾತನಾಡಿದರೆ ಕಲ್ಲಿನ ಗೋಡೆಗಳ ನಡುವೆ ಒಂದೊಂದು ಪದವೂ ಮೊಳಗುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವೂ ಉಂಟು. 2012ರ ಆಗಸ್ಟ್‌ನ ಬೆಂಕಿ ಈ ದ್ವೀಪದ ದಕ್ಷಿಣದ ಮರಗಳನ್ನು ತೀವ್ರವಾಗಿ ಸುಟ್ಟಿತು. ಹೊಗೆ ಕಂಡರೆ ಕುತೂಹಲಕ್ಕೆ ಅತ್ತ ಹೋಗದೆ ಊರಿನತ್ತ ಹಿಂದಿರುಗಿ. ತುರ್ತು ಕರೆಗೆ 112.

ಕಾಲಿಗೆ ಹಿಡಿತವಿರುವ ಷೂ, ಕೈಯಲ್ಲಿ ನೀರು, ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಯೂರೋ ಇದ್ದರೆ ಸಾಕು. ಚರ್ಚಿನ ಒಳಗೆ ಹೋಗಲು ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು.

ಮೊದಲು ಮರದ ಬಳಿಗೆ

ಊರಿನೊಳಗೆ ಹೋಗುವ ಆತುರ ಬೇಡ. ಬಸ್ಸಿನಿಂದ ಇಳಿದು ಹೊಲಗಳ ಕಡೆಗೆ ಹೋಗುವ ಮಣ್ಣಿನ ದಾರಿ ಹಿಡಿಯಿರಿ. ಆಳೆತ್ತರಕ್ಕಿಂತ ತುಸು ಮೇಲೆ, ಕೊಡೆ ಬಿಚ್ಚಿದ ಹಾಗೆ ಹರಡಿ, ಕಾಂಡ ತಿರುಚಿಕೊಂಡಿರುವ ಗಿಡಗಳು ಸಾಲಾಗಿ ಕಾಣುತ್ತವೆ. ಸ್ಥಳೀಯರು ಇದನ್ನು ಸ್ಕಿನೋಸ್ ಎನ್ನುತ್ತಾರೆ, ಇದು ಸುರಿಸುವ ಅಂಟು ಮಸ್ತಿಹಾ. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ, ಯುನಾನಿ ಔಷಧದ ಅಂಗಡಿಗಳಲ್ಲಿ ರೂಮಿ ಮಸ್ತಗಿ ಎಂದು ಪೊಟ್ಟಣ ಕಟ್ಟಿಕೊಡುವುದು ಈ ಅಂಟನ್ನೇ.

ಇದೇ ಜಾತಿಯ ಗಿಡ ಮೆಡಿಟರೇನಿಯನ್ ಸಮುದ್ರದ ಸುತ್ತ ಎಲ್ಲೆಲ್ಲೂ ಪೊದೆಯಾಗಿ ಬೆಳೆಯುತ್ತದೆ. ಮಾರಲು ಸಿಗುವಷ್ಟು, ಈ ಗುಣದ ಅಂಟು ಕೊಡುವುದು ಮಾತ್ರ ಹಿಯೋಸ್‌ನ ದಕ್ಷಿಣ ಭಾಗದ ಮರಗಳು. ಮೂರನೇ ಶತಮಾನದಲ್ಲಿ ಇಸಿದೋರೋಸ್ ಎಂಬ ಸಂತನನ್ನು ಇಲ್ಲಿ ಹಿಂಸಿಸಿ ಕೊಂದಾಗ ಮರಗಳು ಅತ್ತವು, ಅಂದಿನಿಂದಲೂ ಅಳುತ್ತಿವೆ ಎಂಬುದು ಊರಿನ ನಂಬಿಕೆ. ಹನಿಗಳನ್ನು ಕಣ್ಣೀರು ಎಂದು ಕರೆಯುವುದು ಅದಕ್ಕೇ.

ಬೇಸಿಗೆಯಲ್ಲಿ ಬಂದಿದ್ದರೆ ಮರದ ಬುಡವನ್ನು ಗಮನವಿಟ್ಟು ನೋಡಿ. ನೆಲ ಗುಡಿಸಿ, ಸಮ ಮಾಡಿ, ಮೇಲೆ ಸುಣ್ಣಕಲ್ಲಿನ ನುಣ್ಣನೆಯ ಬಿಳಿ ಪುಡಿ ಹರಡಿರುತ್ತಾರೆ. ಕಾಂಡದ ಮೇಲೆ ಬೆರಳುಗುರಿನಷ್ಟು ಉದ್ದದ ಗೀರುಗಳು ಕಾಣುತ್ತವೆ. ಅವುಗಳಿಂದ ಒಸರಿದ ರಸ ಕೆಲವು ಕಾಂಡದಲ್ಲೇ ಇಳಿಬಿದ್ದು, ಕೆಲವು ಪುಡಿಯ ಮೇಲೆ ಬಿದ್ದು, ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಬಿಸಿಲು ಬಿದ್ದಾಗ ಹನಿಯೊಳಗಿಂದ ಬೆಳಕು ಹಾಯುತ್ತದೆ. ಬಿಳಿ ಪುಡಿ ಹಾಕುವುದು ಹನಿಗೆ ಮಣ್ಣು ಹತ್ತದಿರಲಿ ಎಂದು. ಹೀಗೆ ಆಯ್ದ ಹನಿಗಳನ್ನು ಚಳಿಗಾಲವಿಡೀ ಮನೆಗಳಲ್ಲಿ, ಹೆಚ್ಚಾಗಿ ಹೆಂಗಸರು, ಜರಡಿ ಹಿಡಿದು, ತೊಳೆದು, ಒಂದೊಂದನ್ನೂ ಚಿಕ್ಕ ಚಾಕುವಿನಿಂದ ಕೆರೆದು ಶುಚಿ ಮಾಡುತ್ತಾರೆ. ಈ ಕೆಲಸದ ಅರಿವಿಗೆ 2014ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಒಂದು ಹನಿಯನ್ನೂ ಕೀಳಬೇಡಿ, ಪುಡಿ ಹರಡಿದ ಜಾಗಕ್ಕೆ ಕಾಲಿಡಬೇಡಿ. ಅದು ಒಂದು ಮನೆಯ ವರ್ಷದ ದುಡಿಮೆ.

ಹೊರಗೋಡೆಯ ಸುತ್ತ ಒಂದು ಪ್ರದಕ್ಷಿಣೆ

ಇನ್ನು ಊರಿನ ಕಡೆಗೆ ತಿರುಗಿ, ಆದರೆ ಒಳಗೆ ಹೋಗದೆ ಹೊರಸುತ್ತಿನಲ್ಲಿ ನಡೆಯಿರಿ. ಅರ್ಧ ಗಂಟೆ ಸಾಕು. ಈ ಸುತ್ತನ್ನು ಯಾರೂ ತಪ್ಪಿಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮೆಸ್ತಾ ಹೇಗೆ ಕೆಲಸ ಮಾಡುತ್ತದೆ ಎಂಬುದು ಕಾಣುವುದು ಹೊರಗಿನಿಂದಲೇ.

ಇಲ್ಲಿ ಬೇರೆ ಕೋಟೆಗೋಡೆ ಎಂಬುದಿಲ್ಲ. ಅಂಚಿನ ಮನೆಗಳ ಹಿಂಗೋಡೆಗಳೇ ಒಂದಕ್ಕೊಂದು ಅಂಟಿ ಕೋಟೆಯಾಗಿವೆ. ಊರಿನ ಆಕಾರ ಸರಿಸುಮಾರು ಐದು ಮೂಲೆಯದು. ಮೂಲೆಗಳಲ್ಲಿ ಬುರುಜುಗಳಿದ್ದವು, ಉಳಿದಿರುವುದನ್ನು ಹುಡುಕಿಕೊಂಡು ನಡೆಯಿರಿ. ಈಗ ಹೊರಮುಖದಲ್ಲಿ ಕಾಣುವ ಕಿಟಕಿ, ಬಾಗಿಲುಗಳಲ್ಲಿ ಹೆಚ್ಚಿನವು ಭಯ ಹೋದ ಮೇಲೆ ಕೊರೆದವು. ಅವುಗಳ ಅಂಚಿನ ಕಲ್ಲು ಸುತ್ತಲಿನ ಒರಟು ಕಲ್ಲಿಗೆ ಹೊಂದದೆ ಇರುವುದನ್ನು ನೋಡಿದರೆ ಗೊತ್ತಾಗುತ್ತದೆ. ಅವನ್ನೆಲ್ಲ ಮನಸ್ಸಿನಲ್ಲೇ ಮುಚ್ಚಿ ನೋಡಿ: ಒಂದು ತೂತೂ ಇಲ್ಲದ ಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು, ಕತ್ತಲಾದ ಮೇಲೆ ಯಾರಿಗೂ ಒಳಗೆ ದಾರಿಯಿಲ್ಲ.

ಇಷ್ಟು ಬಿಗಿ ಏಕೆಂದರೆ ಒಳಗಿದ್ದದ್ದು ಮಸ್ತಿಹಾ. 1346ರಿಂದ 1566ರವರೆಗೆ ದ್ವೀಪವನ್ನು ಆಳಿದ್ದು ಇಟಲಿಯ ಜಿನೋವಾದ ವ್ಯಾಪಾರಿಗಳು. ಜುಸ್ತಿನಿಯಾನಿ ಎಂಬ ಮನೆತನದ ಹೆಸರಿನಲ್ಲಿ ಕೂಡಿದ ಅವರ ಕೂಟಕ್ಕೆ ಈ ಅಂಟಿನ ಏಕಸ್ವಾಮ್ಯವಿತ್ತು. ಸಮುದ್ರದಿಂದ ಬರುವ ಕಡಲ್ಗಳ್ಳರಿಂದ ಸರಕನ್ನೂ, ಅದನ್ನು ಬೆಳೆಯುವ ಕೈಗಳನ್ನೂ ಕಾಯಬೇಕಿತ್ತು. ಅದೇ ಗೋಡೆ ಬೆಳೆಗಾರರ ಮೇಲಿನ ಕಾವಲೂ ಆಗಿತ್ತು ಎಂಬುದನ್ನು ಮರೆಯಬಾರದು. ಅಂಟು ಕದ್ದವರಿಗೆ ಕ್ರೂರ ಶಿಕ್ಷೆಗಳಿದ್ದವು. ಪ್ರವಾಸಿಗರಿಗಾಗಿ ಬರೆಯುವವರು ಕಡಲ್ಗಳ್ಳರ ಕಥೆಯನ್ನು ಉತ್ಸಾಹದಿಂದ ಹೇಳಿ, ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ.

1566ರಲ್ಲಿ ಬಂದ ಆಟೊಮನ್ನರು ಮಸ್ತಿಹಾವನ್ನು ತೆರಿಗೆಯಾಗಿ ಪಡೆದು, ಬೆಳೆಯುವ ಊರುಗಳಿಗೆ ಕೆಲವು ವಿನಾಯಿತಿ ಕೊಟ್ಟರು. 1822ರಲ್ಲಿ ಹಿಯೋಸ್‌ನಲ್ಲಿ ಭೀಕರ ಹತ್ಯಾಕಾಂಡ ನಡೆದಾಗ ದಕ್ಷಿಣದ ಈ ಊರುಗಳು ಬಹುಮಟ್ಟಿಗೆ ಉಳಿದುಕೊಂಡಿದ್ದೂ ಈ ಅಂಟಿನ ದೆಸೆಯಿಂದಲೇ. ದ್ವೀಪ ಗ್ರೀಕರ ಕೈಸೇರಿದ್ದು 1912ರಲ್ಲಿ.

ಓಣಿಗಳೊಳಗೆ: ಮೊಬೈಲ್ ಜೇಬಿಗೆ ಹಾಕಿ

ಈಗ ಒಳಗೆ ಹೋಗಿ. ಕಮಾನು ಮುಚ್ಚಿದ ಓಣಿಗಳಲ್ಲಿ ಮೊಬೈಲಿನ ನಕ್ಷೆ ನಿಮ್ಮನ್ನು ಪಕ್ಕದ ಓಣಿಯಲ್ಲಿ ತೋರಿಸುತ್ತದೆ, ನಂಬಿ ಪ್ರಯೋಜನವಿಲ್ಲ. ಅಲ್ಲದೆ ಹೊರಗಿನವರು ದಾರಿ ತಪ್ಪಲೆಂದೇ ಹೆಣೆದ ಓಣಿಗಳಿವು. ತಿರುವಿನ ಆಚೆ ಇನ್ನೊಂದು ತಿರುವು, ಅದರಾಚೆ ಯಾರದೋ ಮನೆಯ ಬಾಗಿಲಿನಲ್ಲಿ ಮುಗಿಯುವ ದಾರಿ. ಮುಗಿದ ಕಡೆ ಒಂದು ನಿಮಿಷ ನಿಂತು ಹಿಂದೆ ನೋಡಿ: ಓಡಿ ಬಂದ ಕಳ್ಳನಿಗೆ ತಾನು ಸಿಕ್ಕಿಬಿದ್ದೆ ಎಂದು ತಿಳಿಯುತ್ತಿದ್ದುದು ಇಲ್ಲಿಯೇ. ನೀವು ಹೆದರಬೇಕಾಗಿಲ್ಲ. ಊರು ಚಿಕ್ಕದು, ಸ್ವಲ್ಪ ಹೊತ್ತು ತಿರುಗಿದರೆ ಚೌಕಕ್ಕೋ ಹೊರ ಅಂಚಿಗೋ ಬಂದೇ ಬರುತ್ತೀರಿ.

ಮೂರು ಸಂಗತಿಗಳತ್ತ ಕಣ್ಣಿಡಿ. ಮೊದಲನೆಯದು ತಲೆಯ ಮೇಲಿನ ಕಮಾನುಗಳು. ಕೆಲವು ಬರೀ ಕಲ್ಲಿನ ಪಟ್ಟಿಗಳು, ಎದುರುಬದುರಿನ ಗೋಡೆಗಳನ್ನು ಒಂದಕ್ಕೊಂದು ಊರೆ ಕೊಟ್ಟು ನಿಲ್ಲಿಸುತ್ತವೆ. ಭೂಕಂಪದ ಸೀಮೆಯಲ್ಲಿ ಇದು ಜೀವ ಉಳಿಸುವ ಉಪಾಯ. ಇನ್ನು ಕೆಲವು ಅಗಲವಾಗಿ, ಅವುಗಳ ಮೇಲೆಯೇ ಮನೆಯ ಕೋಣೆಗಳು ಕುಳಿತಿವೆ. ನೀವು ಯಾರದೋ ಮಲಗುವ ಕೋಣೆಯ ಕೆಳಗೆ ನಡೆಯುತ್ತಿರುತ್ತೀರಿ.

ಎರಡನೆಯದು ಚಾವಣಿಗಳ ಮಟ್ಟ. ಬಯಲಾದ ಜಾಗದಲ್ಲಿ ತಲೆಯೆತ್ತಿ ನೋಡಿದರೆ ಎಲ್ಲ ಮನೆಗಳೂ ಹೆಚ್ಚುಕಡಿಮೆ ಒಂದೇ ಎತ್ತರ. ಶತ್ರು ಬಾಗಿಲು ಒಡೆದು ಓಣಿಗೆ ನುಗ್ಗಿದರೆ ಜನ ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಊರ ನಡುವಿನ ಗೋಪುರ ಸೇರಬೇಕಿತ್ತು. ಓಣಿ ಹೊರಗಿನವನಿಗೆ ಕಟ್ಟಿದ ಬಲೆ, ಮಾಳಿಗೆ ಒಳಗಿನವರ ರಸ್ತೆ.

ಮೂರನೆಯದಕ್ಕೆ ಮನೆಯೊಳಗೆ ಹೋಗುವ ಅವಕಾಶ ಬೇಕು. ಕೆಳಗಿನ ಅಂತಸ್ತು ದನಕರು, ಕತ್ತೆ, ಕಾಳುಕಡಿಗೆ. ಮನುಷ್ಯರ ವಾಸ ಮೇಲೆ. ಸುತ್ತ ಕಿಟಕಿ ಇಡುವಂತಿಲ್ಲದ ಮನೆಗೆ ಬೆಳಕು ಎಲ್ಲಿಂದ ಬರಬೇಕು? ಮೇಲಂತಸ್ತಿನ ನಡುವೆ ಆಕಾಶಕ್ಕೆ ತೆರೆದ ಅಂಗಳವೊಂದನ್ನು ಬಿಟ್ಟಿರುತ್ತಾರೆ, ಅದರ ಹೆಸರು ಪೂಂದಿ. ತೊಟ್ಟಿಮನೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ತೊಟ್ಟಿಯನ್ನು ಎತ್ತಿ ಮಾಳಿಗೆಗೆ ಇಟ್ಟಂತೆ. ಪೂಂದಿಯನ್ನು ನೋಡಲು ಸುಲಭದ ದಾರಿ ಒಂದು ರಾತ್ರಿ ಊರಿನಲ್ಲೇ ಉಳಿಯುವುದು. 1970ರ ದಶಕದಿಂದ ಗ್ರೀಸ್‌ನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ಹಳೆಯ ಊರುಗಳ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗಳಿಗೆ ತೆರೆದಾಗ ಆಯ್ದ ಊರುಗಳಲ್ಲಿ ಮೆಸ್ತಾ ಒಂದು. ಈಗಲೂ ಅಂಥ ಮನೆಗಳು ಬಾಡಿಗೆಗೆ ಸಿಗುತ್ತವೆ. ಕೈಯಲ್ಲಿ ಸಮಯವಿದ್ದರೆ ಉಳಿಯಿರಿ ಎಂಬುದೇ ನನ್ನ ಸಲಹೆ. ಹಗಲಿನ ಪ್ರವಾಸಿಗರು ಹೊರಟ ಮೇಲೆ ಮುದುಕಿಯರು ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹಾದುಹೋಗುವಾಗ ಸಂಜೆಯಾದರೆ ‘ಕಲಿಸ್ಪೇರಾ’, ಬೆಳಗಾದರೆ ‘ಕಲಿಮೇರಾ’ ಎನ್ನಿ. ಅವರ ಫೋಟೊ ತೆಗೆಯುವ ಮುನ್ನ ಕೇಳಿ. ತೆರೆದ ಬಾಗಿಲೆಂದರೆ ಒಳಗೆ ಬನ್ನಿ ಎಂದರ್ಥವಲ್ಲ.

ಚೌಕ ಮತ್ತು ಎರಡು ದೇಗುಲಗಳು

ಚೌಕಕ್ಕೆ ಬಂದಾಗ ನಡುವಿನ ಗೋಪುರವನ್ನು ಹುಡುಕಿದರೆ ಸಿಗದು. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಅದನ್ನು ಕೆಡವಿ, ಅದೇ ಜಾಗದಲ್ಲಿ ಮೆಗಾಲೋಸ್ ಟ್ಯಾಕ್ಸಿಯಾರ್ಕಿಸ್ ಎಂಬ ದೊಡ್ಡ ಚರ್ಚನ್ನು ಎಬ್ಬಿಸಿದರು. ಪೂರ್ತಿಯಾದದ್ದು 1868ರಲ್ಲಿ. ಊರಿನ ಗಾತ್ರಕ್ಕೆ ಇದು ತುಂಬಾ ದೊಡ್ಡದು, ಒಳಗೆ ನಿಂತರೆ ಹೊರಗಿನ ಇಕ್ಕಟ್ಟು ಮರೆತೇಹೋಗುತ್ತದೆ. ಆದರೂ ನಿಮ್ಮ ಸಮಯದ ಹೆಚ್ಚಿನ ಪಾಲು ಹಳೆಯದಾದ ಪಲೇಯೋಸ್ ಟ್ಯಾಕ್ಸಿಯಾರ್ಕಿಸ್‌ಗೆ ಇಡಿ. ಹೊರಗಿನಿಂದ ಅದು ಮನೆಗಳ ನಡುವೆ ಸೇರಿಹೋದ ಚಿಕ್ಕ ಕಟ್ಟಡ. ಒಳಗೆ ಗರ್ಭಗುಡಿಯನ್ನು ಮರೆಮಾಡುವ ಮರದ ಪರದೆಯ ಕೆತ್ತನೆ ಇದೆ. ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ, ಆಮೇಲೆ ಬಳ್ಳಿ, ಹಕ್ಕಿ, ಮುಖಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಬಾಗಿಲು ಹಾಕಿದ್ದರೆ ಕೀಲಿ ಯಾರ ಬಳಿ ಇದೆಯೆಂದು ಚೌಕದ ಕಾಫಿ ಅಂಗಡಿಯಲ್ಲಿ ಕೇಳಿ. ನೋಡಿ ಬರುವಾಗ ಪೆಟ್ಟಿಗೆಗೆ ಒಂದು ನಾಣ್ಯ ಹಾಕಿ.

ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸ ಆರಂಭವಾಗುವ ಸೋಮವಾರ ಇಲ್ಲಿದ್ದರೆ ಚೌಕದಲ್ಲಿ ‘ಆಗಾ’ನ ನ್ಯಾಯಾಲಯ ನಡೆಯುತ್ತದೆ. ಆಟೊಮನ್ ಅಧಿಕಾರಿಯ ವೇಷ ತೊಟ್ಟ ಊರಿನವನೊಬ್ಬ ಬಂದವರನ್ನೆಲ್ಲ ಹಿಡಿಸಿ ವಿಚಿತ್ರ ಅಪರಾಧ ಹೊರಿಸಿ ದಂಡ ಹಾಕುತ್ತಾನೆ. ನಿಮ್ಮನ್ನೂ ಹಿಡಿಯಬಹುದು, ನಗುತ್ತ ದಂಡ ಕಟ್ಟಿ.

ಊಟ

ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿಲ್ಲ. ಟೊಮೆಟೊ ಹೆಚ್ಚಿ ಗಿಡಮೂಲಿಕೆ ಸೇರಿಸಿ ಕರಿದ ದೊಮಾತೊಕೆಫ್ತೆದೆಸ್, ಅನ್ನ ತುಂಬಿ ಬೇಯಿಸಿದ ದೊಣ್ಣೆಮೆಣಸಿನಕಾಯಿ ಮತ್ತು ಟೊಮೆಟೊ, ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿದ ಕಾಡುಸೊಪ್ಪು, ಹಳದಿ ಬೇಳೆಯ ಫಾವಾ ಸಾಮಾನ್ಯವಾಗಿ ಸಿಗುತ್ತವೆ. ಅನ್ನ ತುಂಬಿದ ತರಕಾರಿಯಲ್ಲಿ ಕೆಲವರು ಕೊಚ್ಚಿದ ಮಾಂಸ ಸೇರಿಸುತ್ತಾರೆ, ‘ಹೊರೀಸ್ ಕ್ರೆಯಾಸ್’ ಎಂದರೆ ಮಾಂಸವಿಲ್ಲದ್ದು. ಉಪವಾಸದ ಅಡುಗೆಯನ್ನು ‘ನಿಸ್ತೀಸಿಮೊ’ ಎನ್ನುತ್ತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಸಿಗಡಿ, ಆಕ್ಟೋಪಸ್ ಇರಬಹುದು. ಆದ್ದರಿಂದ ಆ ಒಂದು ಪದವನ್ನು ನಂಬಿ ಕೂರದೆ ಪಾತ್ರೆಯಲ್ಲಿ ಏನಿದೆಯೆಂದು ಕೇಳಿ.

ಊಟದ ನಂತರ ‘ಇಪೊವ್ರಿಹಿಯೊ’ ಕೇಳಿ. ತಣ್ಣೀರಿನ ಲೋಟದಲ್ಲಿ ಮಸ್ತಿಹಾ ಸೇರಿಸಿದ ಸಕ್ಕರೆಯ ಬಿಳಿ ಪಾಕದ ಮುದ್ದೆಯನ್ನು ಚಮಚದ ಸಮೇತ ಮುಳುಗಿಸಿ ಕೊಡುತ್ತಾರೆ. ಚಮಚವನ್ನು ನೆಕ್ಕುತ್ತ, ಕೊನೆಗೆ ಆ ನೀರನ್ನೂ ಕುಡಿಯಬೇಕು. ಅಂಜೂರದಿಂದ ಬಟ್ಟಿ ಇಳಿಸಿದ ಸೂಮಾ ಈ ಭಾಗದ ಮದ್ಯ, ಕಡಿಮೆ ಅಂದುಕೊಂಡು ಕುಡಿದರೆ ತಲೆಗೇರುತ್ತದೆ. ಗಾಡಿ ಓಡಿಸುವವರು ಮುಟ್ಟಬಾರದು.

ಮಧ್ಯಾಹ್ನದ ಮೇಲೆ: ಒಲಿಂಪಿ, ಪಿರ್ಗಿ

ಪಕ್ಕದ ಒಲಿಂಪಿ ಊರಿನಲ್ಲಿ ನಡುವಿನ ಗೋಪುರ ಇನ್ನೂ ನಿಂತಿದೆ. ಮೆಸ್ತಾದಲ್ಲಿ ಕಾಣದ್ದನ್ನು ಇಲ್ಲಿ ನೋಡಿ ಚಿತ್ರ ಪೂರ್ತಿ ಮಾಡಿಕೊಳ್ಳಬಹುದು. ಅಷ್ಟಕ್ಕೆ ಸ್ವಲ್ಪ ಹೊತ್ತು ಸಾಕು.

ಮಸ್ತಿಹಾ ಊರುಗಳಲ್ಲಿ ದೊಡ್ಡದು ಪಿರ್ಗಿ. ಮೆಸ್ತಾದ ಗೋಡೆಗಳು ಬರಿಗಲ್ಲು, ಪಿರ್ಗಿಯ ಗೋಡೆಗಳ ಮೇಲೆ ಅಡಿಯಿಂದ ಮುಡಿಯವರೆಗೆ ಕಪ್ಪು-ಬಿಳುಪಿನ ತ್ರಿಕೋನ, ಚೌಕ, ವೃತ್ತ, ಹೂವುಗಳ ಪಟ್ಟಿಗಳು. ಕ್ಸಿಸ್ತಾ ಎಂಬ ಈ ಅಲಂಕಾರವನ್ನು ಬಣ್ಣ ಬಳಿದು ಮಾಡುವುದಿಲ್ಲ. ಕಡುಬೂದು ಮರಳು, ಸುಣ್ಣ ಸೇರಿಸಿದ ಗಾರೆ ಮೆತ್ತುತ್ತಾರೆ. ಅದರ ಮೇಲೆ ತೆಳುವಾಗಿ ಬಿಳಿ ಸುಣ್ಣ. ಅದು ಪೂರ್ತಿ ಆರುವ ಮೊದಲು ಗೆರೆ ಕೊರೆದು, ಒಂದು ಬಿಟ್ಟು ಒಂದು ಭಾಗವನ್ನು ಊಟದ ಫೋರ್ಕ್‌ನಂತಹ ಹಲ್ಲಿನ ಸಲಕರಣೆಯಿಂದ ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಬೂದು, ಬಿಟ್ಟಲ್ಲಿ ಬಿಳಿ. ಗೋಡೆಯ ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ: ಬೂದು ಭಾಗ ಕೂದಲೆಳೆಯಷ್ಟು ಒಳಗಿದೆ, ಅದರ ಮೇಲೆ ಹಲ್ಲುಗಳು ಎಳೆದ ಸಮಾನ ಗೀರುಗಳಿವೆ. ಬಾಲ್ಕನಿಗಳ ಅಡಿಭಾಗವನ್ನೂ ಬಿಟ್ಟಿಲ್ಲ, ತಲೆಯೆತ್ತಿ ನೋಡಲು ಮರೆಯಬೇಡಿ. ಬೇಸಿಗೆಯ ಕೊನೆಗೆ ಅದೇ ಬಾಲ್ಕನಿಗಳಿಂದ ಚಿಕ್ಕ ಟೊಮೆಟೊಗಳ ಗೊಂಚಲುಗಳು ಇಳಿಬಿದ್ದಿರುತ್ತವೆ, ಚಳಿಗಾಲಕ್ಕೆಂದು ಒಣಗಿಸುವುದು.

ಪಿರ್ಗಿಯ ಚೌಕದಿಂದ ಒಂದು ಕಮಾನಿನ ದಾರಿ ಅಯ್ಯಿ ಅಪೊಸ್ತೊಲಿ ಎಂಬ ಇಟ್ಟಿಗೆಯ ಪುಟ್ಟ ಬೈಜಾಂಟೈನ್ ದೇಗುಲಕ್ಕೆ ಕರೆದೊಯ್ಯುತ್ತದೆ. ದ್ವೀಪದ ನಡುವಿರುವ ನೇಯಾ ಮೊನಿ ಎಂಬ ಹನ್ನೊಂದನೇ ಶತಮಾನದ ಮಠದ ಮಾದರಿಯಲ್ಲಿ ಇದನ್ನು ಕಟ್ಟಿದ್ದಾರೆ. ಒಳಗೆ ಗೋಡೆ ತುಂಬಿರುವ ಭಿತ್ತಿಚಿತ್ರಗಳು 1665ರವು. ಈ ಊರಿನಲ್ಲಿ ಒಂದೇ ಒಂದು ಕಟ್ಟಡದೊಳಗೆ ಹೋಗಲು ಸಮಯವಿದ್ದರೆ ಅದು ಇದೇ ಆಗಿರಲಿ.

ಕೊಲಂಬಸ್ ವಾಸವಿದ್ದ ಮನೆ ಎಂದು ಒಂದು ಮನೆಯನ್ನು ತೋರಿಸುತ್ತಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ 1493ರ ತನ್ನ ಪತ್ರದಲ್ಲಿ ಆತ ಹೊಸ ನಾಡಿನ ಸಂಪತ್ತನ್ನು ವರ್ಣಿಸುತ್ತ ಹಿಯೋಸ್‌ನ ಮಸ್ತಿಹಾವನ್ನು ಹೆಸರಿಸಿದ್ದು ನಿಜ. ಮನೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಆಗಸ್ಟ್ 15ರ ಮಾತೆ ಮರಿಯಳ ಹಬ್ಬದಂದು ಬಂದರೆ ಮಾತ್ರ ಚೌಕ ಬಿಟ್ಟು ಕದಲಬೇಡಿ, ಊರಿನವರದೇ ಆದ ಪಿರ್ಗೂಸಿಕೋಸ್ ನೃತ್ಯ ಅಲ್ಲಿ ನಡೆಯುತ್ತದೆ.

ಪಿರ್ಗಿಯಿಂದ ಕೆಲವು ಕಿ.ಮೀ. ದೂರದಲ್ಲಿ 2016ರಲ್ಲಿ ತೆರೆದ ಮಸ್ತಿಹಾ ವಸ್ತುಸಂಗ್ರಹಾಲಯವಿದೆ. ಮರದಿಂದ ಡಬ್ಬಿಯವರೆಗಿನ ಕೆಲಸ, ಹಳೆಯ ಯಂತ್ರಗಳು, ಹೊರಗೆ ಮರಗಳ ತೋಪು ಎಲ್ಲ ಚೆನ್ನಾಗಿವೆ. ಚಳಿಗಾಲದಲ್ಲಿ ಬಂದು ಹೊಲದಲ್ಲಿ ಏನೂ ಕಾಣದವರು ಇಲ್ಲಿಗೆ ಹೋಗಲೇಬೇಕು. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿ. ಕಾಲು ನೀರಿಗಿಡುವ ಮನಸ್ಸಿದ್ದರೆ ಎಂಪೊರಿಯೋಸ್ ಬಳಿಯ ಮಾವ್ರಾ ವೋಲಿಯಾ ಕಡಲತೀರ ಹತ್ತಿರವೇ ಇದೆ. ಅಲ್ಲಿ ಮರಳಿಲ್ಲ, ಜ್ವಾಲಾಮುಖಿಯಿಂದ ಬಂದ ನುಣುಪಾದ ಕಪ್ಪು ಕಲ್ಲುಗಳು. ಒಂದನ್ನೂ ಒಯ್ಯುವಂತಿಲ್ಲ.

ಮಸ್ತಿಹಾ ಕೊಳ್ಳುವಾಗ

ಮಸ್ತಿಹಾ ಮಾರಾಟವೆಲ್ಲ 1938ರಲ್ಲಿ ಆರಂಭವಾದ ಬೆಳೆಗಾರರ ಸಹಕಾರ ಸಂಘದ ಮೂಲಕ ನಡೆಯುತ್ತದೆ. 1997ರಿಂದ ಐರೋಪ್ಯ ಒಕ್ಕೂಟದ ಸಂರಕ್ಷಿತ ಮೂಲದ ಮುದ್ರೆಯಿದೆ, ಪೊಟ್ಟಣದ ಮೇಲೆ ಅದನ್ನು ನೋಡಿ ಕೊಳ್ಳಿ. ಸೋಪು, ಕ್ರೀಮುಗಳಿಗಿಂತ ಬರಿಯ ಹನಿಗಳನ್ನು ತೆಗೆದುಕೊಳ್ಳುವುದೇ ಮೇಲು. ಒಂದು ಹನಿ ಬಾಯಿಗೆ ಹಾಕಿದರೆ ಮೊದಲು ಪುಡಿಪುಡಿಯಾಗಿ ಕಹಿಯೆನಿಸುತ್ತದೆ, ಉಗುಳದೆ ಅಗಿಯುತ್ತಿರಿ. ಆಮೇಲೆ ಒಂದುಗೂಡಿ ಬೆಳ್ಳಗೆ ಮೆತ್ತಗಾಗಿ, ದೇವದಾರುವಿನಂತಹ ಪರಿಮಳ ಬಿಡುತ್ತದೆ.

ಮನೆಗೆ ತಂದ ಮೇಲೆ ತಂಪಾದ ಜಾಗದಲ್ಲಿಡಿ, ಬಿಸಿಗೆ ಹನಿಗಳು ಅಂಟಿಕೊಂಡು ಮುದ್ದೆಯಾಗುತ್ತವೆ. ಪುಡಿ ಮಾಡಲು ಮಿಕ್ಸಿಗೆ ಹಾಕಿದರೆ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು, ಒಂದು ಚಮಚ ಸಕ್ಕರೆಯೊಂದಿಗೆ ಕುಟ್ಟಾಣಿಯಲ್ಲಿ ಕುಟ್ಟಿ. ಒಂದು ಲೀಟರ್ ಹಾಲಿನ ಪಾಯಸಕ್ಕೆ ಎರಡು ಮೂರು ಚಿಕ್ಕ ಹನಿ ಸಾಕು, ಹೆಚ್ಚಾದರೆ ಕಹಿ. ಒಲೆ ಆರಿಸಿದ ಮೇಲೆ ಹಾಕಿ ಕದಡಿ.